ಮೂರನೇ ಮಹಡಿಗೆ ಮೂರು ಗಂಟು

ನಮ್ಮದು ಆಸ್ಪತ್ರೆಯ ಬಟ್ಟೆ ಒಗೆಯುವ ಘಟಕ. ಇಸ್ತ್ರಿಯಾದ ಹಾಸು, ಹೊದಿಕೆ, ನಿಲುವಂಗಿಗಳನ್ನು ಕಟ್ಟು ಕಟ್ಟಿ ಐದು ಮಹಡಿಗಳ ವಾರ್ಡುಗಳಿಗೆ ಕಳಿಸುತ್ತೇವೆ. ಪ್ರತಿ ಕಟ್ಟಿಗೂ ಚೀಟಿ ಅಂಟಿಸುವವಳು ಮೇಲ್ವಿಚಾರಕಿಯಾದ ನಾನು. ಮಹಡಿಯ ಅಂಕಿ ಬರೆದರೆ ಸಾಕಿತ್ತು. ನಾನು ವಾರ್ಡಿನ ಪೂರ್ತಿ ಹೆಸರನ್ನೇ ಬರೆಯುತ್ತಿದ್ದೆ. ಸಂಜೆ ಶಾಲೆಯಲ್ಲಿ ಕಷ್ಟಪಟ್ಟು ಕಲಿತ ಅಕ್ಷರದ ಮೇಲೆ ನನಗೆ ಸ್ವಲ್ಪ ಹೆಚ್ಚೇ ಮೋಹ. ಎಲ್ಲರೂ ನನ್ನನ್ನು ‘ಟೀಚರ್’ ಎನ್ನುತ್ತಾರೆ. ಗೌರವಕ್ಕೋ ಗೇಲಿಗೋ, ಇವತ್ತಿಗೂ ಗೊತ್ತಿಲ್ಲ.

ಬೇರೆಯವರು ಬೇಡವೆಂದು ಬಿಟ್ಟವರಿಗೂ ಕೆಲಸ ಕೊಡಬೇಕೆಂದು ಈ ವರ್ಷ ಹೊಸ ನಿಯಮ ಬಂತು. ಹಾಗೆ ಬಂದವಳು ನಾವೆಲ್ಲ ಅಕ್ಕ ಎಂದು ಕರೆಯುವ ಹೆಂಗಸು. ಐವತ್ತು ದಾಟಿದವಳು, ಇದೇ ಮೊದಲ ಕೆಲಸ. ಮೂರು ತಿಂಗಳು ನೋಡಿ ಕಾಯಂ ಮಾಡುವುದೆಂದು ಮಾತು.

ಮೂರನೇ ತಿಂಗಳು ವ್ಯವಸ್ಥಾಪಕರು ನನ್ನನ್ನು ಮೇಲಕ್ಕೆ ಕರೆಸಿದರು.

“ಆಪರೇಷನ್ ನಿಲುವಂಗಿ ಮಕ್ಕಳ ವಾರ್ಡಿಗೆ ಹೋಗಿದೆಯಂತಲ್ರೀ! ಹೊಸಬರು ಬಂದಮೇಲೇ ಹೀಗಾಗ್ತಿದೆ ಅನ್ಸತ್ತೆ. ಆ ಹೆಂಗಸನ್ನ ಇಟ್ಕೋಬೇಕಾ ಬೇಡ್ವಾ, ತಿಂಗಳ ಕೊನೆಗೆ ವರದಿ ಕೊಡಿ.”

ತಪ್ಪು ಅಕ್ಕ ಬರುವ ಮೊದಲೂ ಆಗುತ್ತಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕೆಳಗಿಳಿದೆ.

ಮರುದಿನ ಎಲ್ಲರನ್ನೂ ಸೇರಿಸಿ, “ಇನ್ಮೇಲೆ ದೊಡ್ಡ ಅಕ್ಷರದಲ್ಲಿ ಬರೀತೀನಿ, ದಯವಿಟ್ಟು ಓದಿ ಆಯಾ ಮಹಡಿಯ ಗಾಡಿಗೆ ಇಡಿ” ಎಂದೆ.

ಅಕ್ಕ ಕೈಯೆತ್ತಿದಳು. “ಟೀಚರಮ್ಮ, ನಂಗೆ ಓದೋಕೆ ಬರಲ್ಲ. ಚಿಕ್ಕದಾಗಿ ಬರೆದ್ರೂ ಬರಲ್ಲ, ದೊಡ್ಡದಾಗಿ ಬರೆದ್ರೂ ಬರಲ್ಲ.”

ಯಾರೂ ನಗಲಿಲ್ಲ. ಒಂಬತ್ತು ವರ್ಷದಿಂದ ನಮ್ಮಲ್ಲಿರುವ ಇಸ್ತ್ರಿಯಣ್ಣ ನೆಲ ನೋಡುತ್ತ ಹೇಳಿದ: “ನನ್ನನ್ನೂ ಸೇರಿಸ್ಕೊಳ್ಳಿ. ಪಕ್ಕದವಳು ಎಲ್ಲಿಡ್ತಾಳೋ ನೋಡ್ಕೊಂಡು ಇಡ್ತಿದ್ದೆ. ಅವಳು ರಜ ಹಾಕಿದ ದಿನ ನನ್ನ ಕಥೆ ಮುಗೀತು.”

ಪಕ್ಕದವಳು ಬಾಯಿಬಿಟ್ಟಳು. “ಅಯ್ಯೋ, ನಾನು ನಿನ್ನನ್ನ ನೋಡ್ಕೊಂಡು ಇಡ್ತಿದ್ದೆ ಕಣಣ್ಣ!”

ಆಗ ನಕ್ಕರು, ನೋಡಿ. ನಗುತ್ತ ನಗುತ್ತ ಒಟ್ಟು ಆರು ಜನ ಒಪ್ಪಿಕೊಂಡರು. ಅಷ್ಟು ವರ್ಷ ನಾನು ಬರೆದದ್ದೇ ಬರೆದದ್ದು, ಒಬ್ಬರನ್ನೂ ಕೇಳಿರಲಿಲ್ಲ. ನನಗೆ ನಗು ಬರಲಿಲ್ಲ.

“ಕಟ್ಟೋ ಹಗ್ಗದಲ್ಲೇ ಗಂಟು ಹಾಕೋಣ,” ಎಂದಳು ಅಕ್ಕ. “ಮೂರನೇ ಮಹಡಿಗೆ ಮೂರು ಗಂಟು. ಕೈಯಲ್ಲಿ ಮುಟ್ಟಿದ್ರೆ ಗೊತ್ತಾಗತ್ತೆ.”

ನಮ್ಮಲ್ಲಿ ಹಬೆ ಎಂದರೆ ಹಬೆ. ಚೀಟಿಯ ಶಾಯಿ ಕಲಸಿಹೋಗುತ್ತಿತ್ತು, ನನ್ನ ಕನ್ನಡಕ ಮಂಜಾಗುತ್ತಿತ್ತು. ಗಂಟಿಗೆ ಏನೂ ಆಗಲಿಲ್ಲ. ವಾರಕ್ಕೆ ಹದಿನಾಲ್ಕು ಕಟ್ಟು ತಪ್ಪು ವಾರ್ಡಿಗೆ ಹೋಗಿ ವಾಪಸ್ ಬರುತ್ತಿದ್ದದ್ದು ಎರಡಕ್ಕಿಳಿಯಿತು. ಆ ಎರಡರಲ್ಲಿ ಒಂದಕ್ಕೆ ಗಂಟು ಹಾಕಿದವಳು ನಾನೇ.

ವರದಿ ಬರೆಯಲು ಕುಳಿತರೆ ಕೈ ಓಡಲಿಲ್ಲ. ನಿಜ ಬರೆದರೆ ನನ್ನ ಚೀಟಿಗಳ ಮಾನ ಹೋಗುತ್ತದೆ, ಆರು ಜನರ ಗುಟ್ಟೂ ಹೊರಬೀಳುತ್ತದೆ. ಬರೆಯದಿದ್ದರೆ ಅಕ್ಕನ ಕೆಲಸ ಹೋಗುತ್ತದೆ. ಅವರನ್ನೇ ಕೇಳಿದೆ.

“ಬರೀರಿ,” ಎಂದ ಇಸ್ತ್ರಿಯಣ್ಣ. “ನನ್ನ ಹೆಸರು ಮಾತ್ರ ಸರಿಯಾಗಿ ಬರೀರಿ. ತಪ್ಪಿದ್ರೆ ಹಿಡಿಯೋಕೆ ನನ್ನ ಕೈಲಾಗಲ್ಲ.”

ಎಲ್ಲವನ್ನೂ ಬರೆದೆ. ತಪ್ಪು ಹೊಸಬಳದಲ್ಲ, ಯಾರನ್ನೂ ಕೇಳದೆ ಚೀಟಿ ಬರೆದ ನನ್ನದು. ಅದನ್ನು ಸರಿಪಡಿಸಿದವಳು ಅವಳು ಎಂದೂ ಬರೆದೆ. ಅಕ್ಕ ಕಾಗದಗಳನ್ನು ಸುರುಳಿ ಸುತ್ತಿ ಹಗ್ಗ ಕಟ್ಟಿದಳು.

“ಸಾಹೇಬ್ರು ಎರಡನೇ ಮಹಡಿ ಅಲ್ವಾ?” ಎನ್ನುತ್ತ ಎರಡು ಗಂಟು ಹಾಕಿದಳು.

ಸಂಜೆ ಅದೇ ಹಗ್ಗ ಸುತ್ತಿಕೊಂಡು ಅಕ್ಕನ ಕಾಯಂ ಆದೇಶ ಕೆಳಗೆ ಬಂತು. ಓದಿ ಹೇಳಲು ನಾನು ಕೈ ಚಾಚಿದೆ. ಅಕ್ಕ ಕೊಡಲಿಲ್ಲ, ಮೊದಲು ಹಗ್ಗವನ್ನು ಬೆರಳಿನಿಂದ ಉದ್ದಕ್ಕೂ ಸವರಿದಳು. ಎರಡು ಗಂಟನ್ನೂ ಯಾರೋ ಬಿಚ್ಚಿದ್ದರು.

ನಾವಿರುವುದು ನೆಲಮಹಡಿಯಲ್ಲಿ. ಅಲ್ಲಿಗೆ ಗಂಟು ಸೊನ್ನೆ.