ಅಳತೆಗೆ ಕೊಟ್ಟ ಪ್ಯಾಂಟು

"ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗು," ಎಂದ ಗುಂಡಯ್ಯ, ಎಡಗಣ್ಣು ಮುಚ್ಚಿಕೊಂಡು.

ಚರಂಡಿಯಾಚೆ ಬೀದಿಯಲ್ಲಿ ನಿಂತಿದ್ದ ಚಲುವಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಅವನ ಬೆನ್ನಿಗೇ ಬಂದ ಎತ್ತಿನ ಗಾಡಿಯವನು ಬೈದುಕೊಂಡು ಪಕ್ಕಕ್ಕೆ ಹೊಡೆದ.

"ಕೈ ಅಗಲಿಸು. ಹೂಂ. ತಿರುಕ್ಕೊ. ಸಾಕು, ಇಳಿಸು."

ಗುಂಡಯ್ಯ ಅಂಗಡಿಯ ಜಗುಲಿಯ ಮೇಲೆ ಹೊಲಿಗೆ ಮಿಷನ್ನಿನ ಹಿಂದೆ ಕೂತೇ ಇದ್ದ. ಕೊರಳಿಗೆ ಹಾಕಿಕೊಂಡಿದ್ದ ಅಳತೆ ಟೇಪಿನ ಎರಡು ತುದಿಗಳೂ ಅವನ ಹೊಟ್ಟೆಯ ಮೇಲೆ ಆರಾಮವಾಗಿ ಮಲಗಿದ್ದವು.

"ಆ ಟೇಪು ಯಾತಕ್ಕೆ ಗುಂಡಯ್ಯೋರೆ?"

"ಕಣ್ಣಳತೆ ಬರ್ದೇ ಇರೋರಿಗೆ."

"ಈಗ ತಾನೆ ಶಾನುಭೋಗರಿಗೆ ಹಿಡಿದ್ರಲ್ಲ."

"ಅವರಿಗೆ ಟೇಪು ಹಿಡೀದಿದ್ರೆ ಬೇಜಾರು ಮಾಡ್ಕೋತಾರೆ. ನೀನು ಒಳ್ಳೆಯೋನು."

ಹೊಳೆನರಸೀಪುರದಲ್ಲಿ ಗುಂಡಯ್ಯನ ಕಣ್ಣಳತೆ ಹೆಸರುವಾಸಿಯಾಗಿತ್ತು. ಪಕ್ಕದ ಹಳ್ಳಿಯಿಂದ ಬರುತ್ತಿದ್ದ ಚಲುವಯ್ಯನ ಕೇರಿಯ ಗಂಡಸರನ್ನೆಲ್ಲ ಮೂವತ್ತು ವರ್ಷದಿಂದ ಅವನು ಚರಂಡಿಯಾಚೆ ನಿಲ್ಲಿಸಿ, ಮೈಗೆ ಬೆರಳು ಸೋಕಿಸದೆ ಅಂಗಿ ಹೊಲಿದು ಕೊಟ್ಟಿದ್ದ. ಆರಡಿ ಎತ್ತರದವನೂ ಗೂರಲು ಹತ್ತಿ ಬಡಕಲಾದವನೂ ಆ ಕಣ್ಣಿಗೆ ಒಂದೇ ಅಳತೆಗೆ ಕಾಣುತ್ತಿದ್ದರು. ಯಾರ ಅಂಗಿಯೂ ಯಾರಿಗೂ ಸರಿಹೋಗುತ್ತಿರಲಿಲ್ಲವಾದ್ದರಿಂದ ಯಾರು ಯಾರದನ್ನು ಬೇಕಾದರೂ ಹಾಕಿಕೊಳ್ಳಬಹುದಿತ್ತು. ಅಣ್ಣತಮ್ಮಂದಿರು ಬೇರೆಯಾಗುವಾಗ ಆ ಕೇರಿಯಲ್ಲಿ ಬಟ್ಟೆಗಾಗಿ ಜಗಳವಾದದ್ದೇ ಇಲ್ಲ.

ವಾರದ ಮೇಲೆ ಅಂಗಿ ಸಿಕ್ಕಿತು. ಗುಂಡಯ್ಯ ಅದನ್ನು ಗಜಕಡ್ಡಿಯ ತುದಿಗೆ ಸಿಕ್ಕಿಸಿ ಚರಂಡಿ ದಾಟಿಸಿದ. ಭುಜದ ಹೊಲಿಗೆ ಮೊಣಕೈಯ ಹತ್ತಿರ ಬಂದಿತ್ತು. ತೋಳು ಉಗುರುಗಳನ್ನೂ ಮುಚ್ಚಿ ಮುಂದೆ ಜೋತಿತ್ತು.

"ಕೊಂಚ ದೊಡ್ಡದಾಗೇ ಇಟ್ಟಿದ್ದೀನಿ. ಬೆಳೆಯೋ ಹುಡುಗ," ಎಂದ ಗುಂಡಯ್ಯ.

ಚಲುವಯ್ಯನಿಗೆ ಆಗ ಇಪ್ಪತ್ತಾರು ವರ್ಷ. ಹಾಸನದ ಒಂದು ಕಚೇರಿಯಲ್ಲಿ ಗುಮಾಸ್ತೆ ಕೆಲಸದ ಆರ್ಡರು ಜೇಬಿನಲ್ಲಿತ್ತು.

ಅದು ಐವತ್ತೊಂಬತ್ತನೇ ಇಸವಿ. ಹಾಸನಕ್ಕೆ ಹೋಗಿ ತಿಂಗಳಾದ ಮೇಲೆ ಅವನು ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದ್ದ ದರ್ಜಿ ಸಾಬರ ಅಂಗಡಿಯ ಮುಂದೆ ನಿಂತ. ಅಂಗಿ ಬೇಕು ಎಂದು ಹೇಳಿ, ಅಭ್ಯಾಸಬಲದಿಂದ ಬೀದಿಯಲ್ಲೇ ಎರಡು ಹೆಜ್ಜೆ ಹಿಂದೆ ಸರಿದು ಕೈ ಅಗಲಿಸಿದ.

ಸಾಬರು ಕತ್ತರಿ ಕೆಳಗಿಟ್ಟು ನೋಡಿದರು. "ಒಳಗೆ ಬನ್ನಿ ಸಾ. ರಸ್ತೇಲಿ ಯಾಕೆ ಕಸರತ್ತು ಮಾಡ್ತೀರಿ?"

ಕತ್ತಿನ ಹಿಂದೆ ಟೇಪು ತಣ್ಣಗೆ ತಾಗಿತು. ಬೆರಳುಗಳು ಕಂಕುಳ ಕೆಳಗೆ ಬಂದು ಎದೆಯ ಮೇಲೆ ಕೂಡಿದವು.

"ಉಸಿರು ಬಿಡಿ ಸಾ. ಇಷ್ಟೆಲ್ಲ ಎದೆ ನಿಮ್ದಲ್ಲ."

ಎದೆ ಮೂವತ್ತನಾಲ್ಕು, ಸೊಂಟ ಇಪ್ಪತ್ತೆಂಟು. ಚಲುವಯ್ಯ ಆ ಎರಡು ಅಂಕಿಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಬಾಡಿಗೆ ಕೋಣೆಗೆ ಹೋದ. ಇಪ್ಪತ್ತಾರು ವರ್ಷ ಜೊತೆಗಿದ್ದ ಮೈಯ ಪರಿಚಯ ಅವತ್ತು ಆದ ಹಾಗಿತ್ತು.

ಆಮೇಲೆ ನಾಲ್ಕು ವರ್ಷ ಅವನು ಬಟ್ಟೆ ಮಾಡಿಸಿಕೊಂಡ. ಒಂದೇ ಸಲಕ್ಕಲ್ಲ. ಬಟ್ಟೆ ಅಂಗಡಿಗೆ ಹೋಗಿ ಥಾನು ಬಿಚ್ಚಿಸಿ, ಬೆರಳ ನಡುವೆ ಉಜ್ಜಿ ನೋಡಿ, ಬೆಳಕಿಗೆ ಹಿಡಿದು, ಬರುತ್ತೇನೆ ಎಂದು ಹೇಳಿ ಹೊರಟುಬಿಡುತ್ತಿದ್ದ. ಹೀಗೆ ಮೂರು ಸಲ ಹೋಗಿ ಬಂದಮೇಲೂ ಮನಸ್ಸಿನಲ್ಲಿ ಉಳಿದದ್ದನ್ನು ಮಾತ್ರ ಕೊಳ್ಳುತ್ತಿದ್ದ. ಕಚೇರಿಯ ಉಳಿದ ಗುಮಾಸ್ತರು ಬಿಳಿ ಬಿಟ್ಟರೆ ಬೂದು ಹಾಕುತ್ತಿದ್ದರು, ಅದೂ ಹೆಂಡತಿ ಆರಿಸಿದ್ದು. ಚಲುವಯ್ಯನ ಟ್ರಂಕಿನಲ್ಲಿ ನೀಲಿ ಗೀಟಿನ ಪಾಪ್ಲಿನ್ ಅಂಗಿಯಿತ್ತು. ಹೆಸರುಕಾಳಿನ ಬಣ್ಣದ ಬುಷ್‌ಷರ್ಟಿತ್ತು. ಒಂದು ಕಂದು ಪ್ಯಾಂಟು. ಎಲ್ಲಕ್ಕಿಂತ ಮೇಲೆ, ವೃತ್ತಪತ್ರಿಕೆ ಹಾಸಿ ಮಡಿಸಿಟ್ಟ, ಹೊಗೆಬಣ್ಣದ ಇನ್ನೊಂದು ಪ್ಯಾಂಟು.

ಹೊಗೆಬಣ್ಣದ ಪ್ಯಾಂಟು ಹಾಕಿಕೊಂಡಾಗ ಅವನ ನಡಿಗೆ ಬದಲಾಗುತ್ತಿತ್ತು. ಭಾನುವಾರ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಅದಕ್ಕೆ ಇಸ್ತ್ರಿ ಹಾಕುತ್ತಿದ್ದ. ಗೆರೆ ನೆಟ್ಟಗೆ ನಿಂತಮೇಲೆ ಹಾಕಿಕೊಂಡು, ಹೋಗುವ ಊರಿಲ್ಲದಿದ್ದರೂ ಬೀದಿಯ ಕೊನೆಯ ಸೋಡಾ ಅಂಗಡಿಯವರೆಗೆ ಹೋಗುತ್ತಿದ್ದ. ಆ ಅಂಗಡಿಯಲ್ಲಿ ಆಳುದ್ದದ ಕನ್ನಡಿಯಿತ್ತು. ಅವನಿಗೆ ಸೋಡಾ ಕುಡಿದರೆ ಹೊಟ್ಟೆಯುಬ್ಬರ. ಆದರೂ ಒಂದೊಂದು ಭಾನುವಾರ ಎರಡು ಕುಡಿದು ಬರುತ್ತಿದ್ದ.

ತಿಂಗಳಿಗೊಂದು ಶನಿವಾರ ಊರಿಗೆ ಹೋಗುತ್ತಿದ್ದ. ಊರು ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿತ್ತು. ಬಸ್ಸಿಳಿದವನು ನೇರವಾಗಿ ರಸ್ತೆಯ ಮೋರಿಯ ಹಿಂದಕ್ಕೆ ಹೋಗಿ, ಪ್ಯಾಂಟು ಬಿಚ್ಚಿ ಚೀಲಕ್ಕೆ ತುರುಕಿ, ಪಂಚೆ ಉಟ್ಟು, ಗುಂಡಯ್ಯ ಹೊಲಿದ ಆ ಅಂಗಿಯನ್ನೇ ತೊಟ್ಟು, ಮೆಟ್ಟು ಕೈಯಲ್ಲಿ ಹಿಡಿದು ಈಚೆ ಬರುತ್ತಿದ್ದ. ಕೇರಿಗೆ ಹೋಗುವ ದಾರಿ ಕೆಂಪಣ್ಣಗೌಡರ ಜಗುಲಿಯ ಮುಂದೇ ಹಾದುಹೋಗುತ್ತಿತ್ತು. ಹೀಗೇ ಬರಬೇಕು ಎಂದು ಗೌಡರು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೇ ಬಂದಿರಲಿಲ್ಲ. ಕೇರಿಯಿಂದ ಓದಿ ಕೆಲಸಕ್ಕೆ ಸೇರಿದ ನಾಲ್ವರೂ ಹೀಗೇ ಮಾಡುತ್ತಿದ್ದರು. ಕೆಲವು ಶನಿವಾರ ಮೋರಿಯ ಹಿಂದೆ ಸರದಿ ಕಾಯಬೇಕಾಗುತ್ತಿತ್ತು.

ಅರವತ್ಮೂರರ ಮಾಘದ ಒಂದು ಶನಿವಾರ ಚಲುವಯ್ಯ ಮೋರಿಗೆ ಹೋಗಲಿಲ್ಲ. ಅದನ್ನು ಧೈರ್ಯ ಎಂದರೆ ತಪ್ಪಾದೀತು. ಹೊಗೆಬಣ್ಣದ ಪ್ಯಾಂಟಿಗೆ ಅವತ್ತು ಬಿದ್ದಂಥ ಇಸ್ತ್ರಿ ಹಿಂದೆಂದೂ ಬಿದ್ದಿರಲಿಲ್ಲ. ಅದನ್ನು ಚೀಲಕ್ಕೆ ತುರುಕಲು ಅವನಿಗೆ ಕೈ ಬರಲಿಲ್ಲ.

ಜಗುಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಗೌಡರು ಅಗಿಯುವುದನ್ನು ನಿಲ್ಲಿಸಿದರು.

"ಯಾರ್ಲಾ ಅದು, ಅಮಲ್ದಾರ್ರಾ?"

"ನಾನು ಗೌಡ್ರೇ. ಮಾದಮ್ಮನ ಮಗ."

ಹೋದ ತಿಂಗಳವರೆಗೂ ಅವನು 'ಬುದ್ದಿ' ಎನ್ನುತ್ತಿದ್ದ. ಪ್ಯಾಂಟು ಹಾಕಿಕೊಂಡ ಬಾಯಲ್ಲಿ ಆ ಮಾತು ಹೊರಡಲಿಲ್ಲ. ಗೌಡರು ಎದ್ದು ಉಗಿದು ಬಂದರು. ಏನೋ ಹೇಳುವುದರಲ್ಲಿದ್ದರು. ಆದರೆ ಪಕ್ಕದಲ್ಲಿ ಕೂತಿದ್ದ ಮಗ ಪಾಲಾಕ್ಷ ಚಲುವಯ್ಯನ ಮುಖ ಬಿಟ್ಟು ಅವನ ಕಾಲುಗಳನ್ನೇ ನೋಡುತ್ತಿದ್ದ.

ಪಾಲಾಕ್ಷ ಹಾಸನದ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಕ್ಲಾಸಿನಲ್ಲಿ ಕೂತು, ಮನೆಯಿಂದ ಹೋಗುತ್ತಿದ್ದ ತುಪ್ಪವನ್ನು ಅರಗಿಸಿಕೊಂಡು ವಾಪಸಾದವನು. ಮರುದಿನದ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ ಅವನಿಗೆ ಚನ್ನರಾಯಪಟ್ಟಣದಲ್ಲಿ ಹೆಣ್ಣು ನೋಡುವುದಿತ್ತು. ಹುಡುಗಿ ಮೈಸೂರಿನಲ್ಲಿ ಓದಿದವಳು, ಪಂಚೆ ಉಡುವ ಗಂಡು ಬೇಡ ಎನ್ನುತ್ತಾಳೆ ಎಂದು ಸಂಬಂಧ ತಂದ ತಿಮ್ಮಪ್ಪ ಹೇಳಿಹೋಗಿದ್ದ.

ಮರುದಿನ ಬೆಳಿಗ್ಗೆ ಗೌಡರೇ ಕೇರಿಯ ಬಾಯಿಗೆ ಬಂದು ಹೊಂಗೆಮರದ ಕೆಳಗೆ ನಿಂತರು. ಕೇರಿಯವರು ಹೊರಗೆ ಬಂದು ನೋಡಿದರು.

"ಚಲುವ, ಆ ಪ್ಯಾಂಟು ಒಂದೆಂಟು ದಿವ್ಸ ಕೊಡ್ಲಾ. ಅಳತೆಗೆ. ನಮ್ ಹುಡುಗನಿಗೆ ಅಂತದೇ ಒಂದು ಹೊಲಿಸ್ಬೇಕು."

"ಬೇರೆ ಯಾರೂ ಹಾಕ್ಕೊಳೋ ಹಂಗಿಲ್ಲ ಗೌಡ್ರೇ."

"ನಿನ್ ಪ್ಯಾಂಟ್ನ ನಮ್ಮೋರು ಹಾಕ್ಕತ್ತಾರೇನ್ಲಾ?" ಎಂದರು ಗೌಡರು. ಆ ಮಾತಿನಲ್ಲಿ ಬೈಗುಳವಿದ್ದದ್ದನ್ನು ಚಲುವಯ್ಯ ಗಮನಿಸಲಿಲ್ಲ. ಭರವಸೆಯೊಂದನ್ನೇ ಗಮನಿಸಿದ.

ಮಾದಮ್ಮ ಒಳಗೆ ಕರೆದು ಹೇಳಿದಳು. "ಕೊಡಬ್ಯಾಡ ಕಣ್ ಮಗ. ಆ ಮನೆಗೆ ಹುಲ್ಲು ಕೊಯ್ಯಾಕೆ ಹೋದ ನಮ್ ಕುಡ್ಲೇ ಇನ್ನೂ ಬಂದಿಲ್ಲ."

"ಅವ್ವ, ಗೌಡ್ರ ಮಗ ನನ್ ತರ ಕಾಣ್ಬೇಕಂತೆ."

"ಅದ್ಕೇ ಕಣ್ಲಾ ಬ್ಯಾಡ ಅಂದಿದ್ದು."

ಅವನು ಆ ಹೊತ್ತಿಗೆ ಪ್ಯಾಂಟನ್ನು ಗೆರೆಗೆ ಗೆರೆ ಕೂಡಿಸಿ ಮಡಿಸತೊಡಗಿದ್ದ. ಚನ್ನರಾಯಪಟ್ಟಣದ ಒಂದು ನಡುಮನೆಯಲ್ಲಿ, ದೊಡ್ಡವರೆಲ್ಲರ ಮುಂದೆ, ತನ್ನ ಪ್ಯಾಂಟಿನ ನಕಲು ಜಮಖಾನದ ಮೇಲೆ ಕೂತಿರುವ ಚಿತ್ರ ಅವನ ತಲೆಯಲ್ಲಿ ಆಗಲೇ ಓಡುತ್ತಿತ್ತು. ಮಾರನೆಯ ದಿನ ಹಾಸನದ ಬಸ್ಸಿಗೆ ಪಂಚೆಯಲ್ಲೇ ಹೋದ.

ಗೌಡರು ಗುಂಡಯ್ಯನ ಜಗುಲಿ ಹತ್ತಿ ಗಂಟು ಬಿಚ್ಚಿದಾಗ ಒಂದು ತೊಡಕು ಎದುರಾಯಿತು. ಪ್ಯಾಂಟು ಯಾರದೆಂದು ಹೇಳಿದರೆ ಗುಂಡಯ್ಯ ಮುಟ್ಟುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಗೌಡರ ಮನೆಗೆ ಅಳತೆಬಟ್ಟೆ ಎಲ್ಲಿಂದ ಬಂತು ಎಂಬುದು ಸಂಜೆಯೊಳಗೆ ಇಡೀ ಪೇಟೆಗೆ ತಿಳಿಯುತ್ತದೆ.

"ನಮ್ ಪಾಲಾಕ್ಷಂದೇ. ಹಾಸನದಾಗೆ ಹೊಲಿಸಿದ್ದ," ಎಂದರು ಗೌಡರು.

ಗುಂಡಯ್ಯ ಎದ್ದು ನಿಂತು ಪ್ಯಾಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಅಂಗೈಯಿಂದ ಸವರಿದ. ನಡುಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಹೊಲಿಗೆ ನೋಡಿದ. "ದೊಡ್ಡಮನೆ ಮೈಕಟ್ಟು ಬಟ್ಟೇಲೇ ಗೊತ್ತಾಗ್ತದೆ ನೋಡಿ," ಎಂದ.

ಅಳತೆಬಟ್ಟೆ ಬಂತೆಂದಮೇಲೆ ಮೈಗೆ ಟೇಪು ಹಿಡಿಯುವ ಪದ್ಧತಿಯಿಲ್ಲ. ಹಿಡಿದರೆ, ತಂದವರ ಮಾತನ್ನು ನಂಬಲಿಲ್ಲ ಎಂದಾಗುತ್ತದೆ. ಪಾಲಾಕ್ಷ ಅಲ್ಲೇ ಬಾಗಿಲಿಗೆ ಒರಗಿ ನಿಂತು ಅಂಗಡಿಗೆ ಬೆಳಕು ಬಾರದ ಹಾಗೆ ಮಾಡಿದ್ದ. ಕೈಯಲ್ಲಿರುವ ಪ್ಯಾಂಟಿನ ಎರಡು ಕಾಲು ಸೇರಿದರೂ ಆ ಆಸಾಮಿಯ ಒಂದು ತೊಡೆಗೆ ಸಾಲದು ಎಂದು ಗುಂಡಯ್ಯನ ಹೆಸರಾಂತ ಕಣ್ಣು ಹೇಳಿರಲೇಬೇಕು. ಗೌಡರ ಮಾತಿನ ಮುಂದೆ ಕಣ್ಣಿನ ಮಾತು ಯಾವ ಲೆಕ್ಕ?

ಕಟಿಂಗು ಹಾಸನದ್ದು, ಹೊಸ ಮಾದರಿ. ಅದು ತಿಳಿಯಬೇಕೆಂದು ಗುಂಡಯ್ಯ ಪ್ಯಾಂಟಿನ ಹೊಲಿಗೆಗಳನ್ನೆಲ್ಲ ಬ್ಲೇಡಿನಿಂದ ಬಿಚ್ಚಿದ. ಎಳೆ ಗಟ್ಟಿಯಿದ್ದ ಕಡೆ ಹಲ್ಲಿನಿಂದ ಕಚ್ಚಿ ಹರಿದ. ತುಂಡುಗಳನ್ನು ಗೌಡರು ಕೊಟ್ಟಿದ್ದ ಕಪ್ಪುನೀಲಿ ಟೆರಿಲಿನ್ ಬಟ್ಟೆಯ ಮೇಲೆ ಹರಡಿ, ಸುತ್ತ ಚಾಕ್ ಎಳೆದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕತ್ತರಿಸಿದ. ಅವನ ಮೂವತ್ನಾಲ್ಕು ವರ್ಷದ ಕಸುಬಿನಲ್ಲಿ ಅಂಥ ಪ್ಯಾಂಟು ತಯಾರಾಗಿರಲಿಲ್ಲ. ಚಲುವಯ್ಯನ ಮೈಗೆ ಸರಿಯಾಗಿ ಗುಂಡಯ್ಯ ಹೊಲಿದ ಮೊದಲ ಬಟ್ಟೆಯೂ ಅದೇ.

ಹೆಣ್ಣು ನೋಡುವ ದಿನ ಬೆಳಿಗ್ಗೆ ಅದು ಪಾಲಾಕ್ಷನ ಮೊಣಕಾಲು ದಾಟಲಿಲ್ಲ. ತಾಯಿ ಒಂದು ಕಡೆ, ಗೌಡರು ಒಂದು ಕಡೆ ಹಿಡಿದು ಎಳೆದರು. ಮಂಚದ ಮೇಲೆ ಮಲಗಿಸಿ ಎಳೆದರು. ಉಸಿರು ಹಿಡಿ ಎಂದರು, ಉಸಿರಿಗೂ ತೊಡೆಗೂ ಸಂಬಂಧವಿರಲಿಲ್ಲ. ಕೊನೆಗೆ ಅವನು ಜರಿಪಂಚೆಯಲ್ಲೇ ಹೊರಟ. ಚನ್ನರಾಯಪಟ್ಟಣದಲ್ಲಿ ಹುಡುಗಿಯ ಅಪ್ಪನೂ ಜರಿಪಂಚೆಯಲ್ಲೇ ಬಾಗಿಲಿಗೆ ಬಂದ. ಹುಡುಗಿ ಪಂಚೆಯ ವಿಚಾರ ಎತ್ತಿಯೇ ಇರಲಿಲ್ಲವಂತೆ. ತಿಮ್ಮಪ್ಪ ಸಂಬಂಧಕ್ಕೆ ತೂಕ ಬರಲಿ ಎಂದು ಸೇರಿಸಿದ್ದ. ಉಪ್ಪಿಟ್ಟು ತಿನ್ನುವಷ್ಟರಲ್ಲಿ ಮದುವೆ ಗೊತ್ತಾಯಿತು.

ಹೇಳಿದ ಎಂಟು ದಿನ ಕಳೆದು, ಅದರ ಮೇಲೊಂದು ವಾರ ಆದಮೇಲೆ ಚಲುವಯ್ಯ ಕಂದು ಪ್ಯಾಂಟಿನಲ್ಲಿ ಬಸ್ಸಿಳಿದು ನೇರ ಗೌಡರ ಅಂಗಳಕ್ಕೆ ಬಂದ. ಜಗುಲಿಯಲ್ಲಿ ಗುಂಡಯ್ಯನೂ ಇದ್ದ. ಮದುವೆಯ ಕೋಟಿಗೆ ಪಾಲಾಕ್ಷನ ಸುತ್ತ ಟೇಪು ಹಿಡಿದು, ಒಂದು ಸುತ್ತಿಗೆ ಸಾಲದೆ ಒದ್ದಾಡುತ್ತಿದ್ದ.

"ನನ್ ಪ್ಯಾಂಟಿಗೆ ಬಂದೆ ಗೌಡ್ರೇ."

ಗೌಡರು ಒಳ್ಳೆಯ ಮನಸ್ಸಿನಲ್ಲಿದ್ದರು. ಮೂಲೆಯಲ್ಲಿದ್ದ ಕಾಗದದ ಪೊಟ್ಟಣವನ್ನು ಕಾಲಿನಿಂದ ಮುಂದಕ್ಕೆ ನೂಕಿದರು. ಅದು ಅಂಗಳಕ್ಕೆ ಬಿದ್ದು ಬಿಚ್ಚಿಕೊಂಡಿತು. ಹೊಗೆಬಣ್ಣದ ಕಾಲಿನ ತುಂಡುಗಳು, ಜೇಬುಗಳು, ನಡುಪಟ್ಟಿ. ಚಲುವಯ್ಯ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡಿದ. ಅಂಚಿನಲ್ಲೆಲ್ಲ ಚಾಕಿನ ಗುರುತಿತ್ತು. ಅವನು ಕೂಡಿಸಿದ್ದ ಗೆರೆ ತುಂಡುಗಳಲ್ಲಿ ಇನ್ನೂ ಇತ್ತು.

"ಬಿಚ್ಚಾಕವ್ರಲ್ಲ."

"ಕಟಿಂಗ್ ತಿಳೀಬೇಕಾದ್ರೆ ಬಿಚ್ಲೇಬೇಕು," ಎಂದ ಗುಂಡಯ್ಯ. ಆಮೇಲೆ ಅವನ ಕೈ ನಿಂತಿತು. "ಅದು ಇವಂದಾ?"

ಪಾಲಾಕ್ಷ ಸೂರು ನೋಡಿದ. ಗುಂಡಯ್ಯ ಜಗುಲಿಯ ಅಂಚಿಗೆ ಓಡಿ ಉಗಿದ. ಹದಿನೈದು ದಿನದ ಹಿಂದೆ ಕಚ್ಚಿದ ಎಳೆಗಾಗಿ ಮೂರು ಸಲ ಉಗಿದು, ನೀರು ಕೇಳಿ ಬಾಯಿ ಮುಕ್ಕಳಿಸಿದ.

ಚಲುವಯ್ಯ ಎದ್ದ. "ಇದನ್ನ ಇದ್ದಂಗೆ ಹೊಲಿದು ಕೊಡಿ ಗುಂಡಯ್ಯೋರೆ."

"ನಾನು ಮುಟ್ಟಾಕಿಲ್ಲ."

"ನಾಕು ದಿವ್ಸ ಮುಟ್ಟಿದ್ರಲ್ಲ."

"ಗೊತ್ತಿಲ್ದೆ ಮುಟ್ಟಿದ್ದು ಕಣಯ್ಯ. ಗೊತ್ತಾದ್ಮೇಲೆ ಹೆಂಗೆ ಮುಟ್ಲಿ?"

"ಥೂ, ಇಷ್ಟಕ್ಕೆ ಯಾಕೆ ರಂಪ," ಎಂದರು ಗೌಡರು. ಒಳಗೆ ಹೋಗಿ ಕಪ್ಪುನೀಲಿ ಟೆರಿಲಿನ್ ಪ್ಯಾಂಟನ್ನು ತಂದರು. ಬಿಸಿಲಿಗೆ ಅದು ಕಾಗೆಯ ರೆಕ್ಕೆಯ ಹಾಗೆ ಮಿಂಚಿತು. ಅಂಥ ಬಟ್ಟೆ ಹಾಕಿದವರು ಹಾಸನದ ಅವನ ಕಚೇರಿಯಲ್ಲಿ ಒಬ್ಬರೇ ಇದ್ದರು, ಅವರು ಸಾಹೇಬರು. ನಡುಪಟ್ಟಿ ಇಪ್ಪತ್ತೆಂಟೇ ಎಂದು ಚಲುವಯ್ಯನಿಗೆ ಅಲ್ಲಿಂದಲೇ ಕಂಡಿತು. ಅವನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಉಜ್ಜಿಕೊಂಡವು.

"ಇದ್ನೇ ತಗೊಂಡೋಗು. ನಮ್ಗೆ ಆಗಾಕಿಲ್ಲ. ಟವಲ್ ಒಡ್ಡು."

"ಟವಲಿಲ್ಲ."

"ಕೈಯಾದ್ರೂ ಒಡ್ಲಾ, ಮ್ಯಾಲಿಂದ ಬಿಡ್ತೀನಿ."

ಚಲುವಯ್ಯ ಕೈ ಒಡ್ಡಲಿಲ್ಲ. ಒಂದು ಕೈಯಲ್ಲಿ ಹೊಗೆಬಣ್ಣದ ತುಂಡುಗಳಿದ್ದವು. ಇನ್ನೊಂದನ್ನು ಕಂದು ಪ್ಯಾಂಟಿನ ಜೇಬಿಗೆ ಇಳಿಬಿಟ್ಟ.

"ಹೊಸದು ಕಣ್ಲಾ, ಒಂದು ಗಳಿಗೆನೂ ಯಾರೂ ಹಾಕಿಲ್ಲ," ಎಂದರು ಗೌಡರು. "ನಿನ್ ಅಳತೇದೇ."

"ಗೊತ್ತು."

"ಮತ್ತೆ?"

"ನನಗೆ ಬ್ಯಾಡ."