ಬಿಚ್ಚಿಟ್ಟ ಕಾವಿ

ಕರನಿರಾಕರಣೆಯ ಗಲಾಟೆ ತಣ್ಣಗಾದ ಮರುವರ್ಷ ಹುಲಿಯಾ ಸಿಂಹಳದಿಂದ ಹಿಲ್ಲೂರಿಗೆ ಬಂದ. ಹೋದಾಗ ಹಡಗಿನ ಕೂಲಿ, ಬಂದಾಗ ಬೌದ್ಧ ಭಿಕ್ಷು. ಕಾವಿ ಉಟ್ಟ ಮಗನನ್ನು ನೋಡಿ ಅಳಲು ತಾಯಿ ಗಂಗಿಗೆ ಪುರುಸೊತ್ತು ಎಲ್ಲಿತ್ತು? ಒಳಗೆ ಮಗಳು ಹೊನ್ನಿ ಬಸುರಿ. ಹಿಂದಿನ ಬಾಣಂತನದಲ್ಲೇ ಸಾವಿನ ಬಾಯಿಗೆ ಹೋಗಿ ಬಂದವಳು. ಈ ಸಲ ಹೆರಿಗೆಯಾದರೆ ಉಳಿಯುವುದಿಲ್ಲ ಎಂದು ಕಾರವಾರದ ಡಾಕ್ಟರು ಹೇಳಿ ಕೈ ತೊಳೆದುಕೊಂಡಿದ್ದರು.

ಬಸಿರು ಇಳಿಸುವ ಬೇರನ್ನು ತಂದೆ ಜಟ್ಟು ಹುಲಿಯಾನಿಗಷ್ಟೇ ತೋರಿಸಿ ಸತ್ತಿದ್ದ. ಗಂಗಿ ಅದನ್ನು ಕೇಳಿದಳು. ಆಗದು ಎಂದ ಹುಲಿಯಾ. ಬಸಿರು ನಿಂತ ಗಳಿಗೆಯಿಂದಲೇ ಅದು ಮನುಷ್ಯಜೀವ. ಅದನ್ನು ತೆಗೆಯಲು ಬೇರು ಕೊಟ್ಟರೂ, ಬೆರಳು ಮಾಡಿ ತೋರಿಸಿದರೂ ಭಿಕ್ಷುತನ ಹೋಗುತ್ತದೆ, ಈ ಜನ್ಮದಲ್ಲಿ ಮತ್ತೆ ಸಿಗದು ಎಂದು ಬಿಡಿಸಿ ಹೇಳಿದ. ಹೊನ್ನಿಯ ಗಂಡ ದೇವು ಅಂಗಳದಲ್ಲಿ ತಲೆತಗ್ಗಿಸಿ ಕೂತಿದ್ದ.

ಗಂಗಿಗೆ ಕಾವಿಯೆಂದರೆ ಹರಕೆಯ ಬಟ್ಟೆ. ಸೂತಕ ಬಂದರೆ ತೆಗೆದಿಟ್ಟು, ಕಳೆದ ಮೇಲೆ ಉಡುವುದಿಲ್ಲವೇ?

"ಬಿಚ್ಚಿಡು ತಮಾ. ಬೇರು ತಂದ್ಕೊಟ್ಟು, ನಾಳೆ ಮಿಂದು ಮತ್ತೆ ಉಟ್ಕಂಡ್ರೆ ಆತು."

ಭಿಕ್ಷುಗಳ ನಿಯಮದಲ್ಲಿ ಆ ಸಂದು ನಿಜವಾಗಿಯೂ ಇತ್ತು. ತಪ್ಪು ಮಾಡುವ ಮೊದಲೇ ಭಿಕ್ಷುತನ ಬಿಟ್ಟವನು ಮುಂದೆ ಮತ್ತೆ ದೀಕ್ಷೆ ಕೇಳಬಹುದು. ಹುಲಿಯಾ ಒಳಗೆ ಹೋಗಿ, ಯಾರೂ ಕೇಳದಿದ್ದ ಹೊನ್ನಿಯನ್ನು ಏನು ಬೇಕೆಂದು ಕೇಳಿದ.

"ಇದೂ ನಂದೇ ಅಣ್ಣಾ. ಆದ್ರೆ ನಾ ಸತ್ರೆ ಹೊರಗಾಡೂ ಎರಡು ಮಕ್ಳನ್ನ ಯಾರು ನೋಡ್ತರು?"

ಅವನಿಗೆ ಸಿಟ್ಟು ಬಂತು, ಡಾಕ್ಟರ ಮೇಲೆ, ಸತ್ತ ತಂದೆಯ ಮೇಲೆ. ಬಿಡುವುದಕ್ಕೆ ಯಾರಾದರೊಬ್ಬರ ಎದುರು ಹೇಳಿದರೆ ಸಾಕು. ಅಂಗಳದಲ್ಲಿದ್ದ ದೇವುವಿನ ಎದುರು ನಿಂತು, ಭಿಕ್ಷುತನ ಬಿಟ್ಟೆ ಎಂದು ಬಾಯಿಬಿಟ್ಟು ಹೇಳಿದ. ಕಾವಿ ಬಿಚ್ಚಿಟ್ಟು, ಜಟ್ಟುವಿನ ಹಳೇ ಪಂಚೆ ಸುತ್ತಿಕೊಂಡು ಕಾಡಿಗೆ ನಡೆದ. ಅಗೆದ ಬೇರನ್ನು ಕೈಗೆ ಕೊಡುವ ತನಕ ಮಾತಾಡಬಾರದೆಂಬುದು ಮನೆಯ ಕಟ್ಟು. ಸಿಕ್ಕಿತೇ ಎಂದು ಗಂಗಿ ದಾರಿಗೆ ಓಡಿಬಂದು ಕೇಳಿದರೂ ಅವನು ಬಾಯಿ ತೆರೆಯಲಿಲ್ಲ.

ಬಸಿರು ಇಳಿಯಿತು, ಹೊನ್ನಿ ಉಳಿದಳು. ಜ್ವರ ಬಿಟ್ಟು ಅವಳು ಗಂಜಿ ಉಣ್ಣತೊಡಗಿದ ದಿನ, ಗಂಗಿ ಒಗೆದು ಮಡಿಸಿದ ಕಾವಿಯನ್ನು ಖುಷಿಯಿಂದ ಮಗನ ಮುಂದಿಟ್ಟಳು. ಹುಲಿಯಾ ಮುಟ್ಟಲಿಲ್ಲ.

"ಉಟ್ರೆ ಯಾರೂ ಬೇಡ ಅನ್ನೂದಿಲ್ಲ, ಅವ್ವೇ. ಆದ್ರೆ ಬೇರು ಅಗೆಯೂವಾಗ ನಾ ಏನು ಉಟ್ಟಿದ್ದೆ ಅಂತ ಆ ಜೀವಕ್ಕೆ ಗೊತ್ತಿತ್ತಾ?"

ಒಳಗೆ ಹೊನ್ನಿ ಗಂಜಿಯ ಬಟ್ಟಲನ್ನು ಕೆಳಗಿಟ್ಟ ಸದ್ದಾಯಿತು. ಅಂದು ದಾರಿಯುದ್ದಕ್ಕೂ ಬಾಯಿ ಕಟ್ಟಿಕೊಂಡಿದ್ದವನು ಇಂದು ಆಡಬಾರದ್ದನ್ನು ಆಡಿದ್ದ. ಅವನು ಎದ್ದುಹೋಗಿ ತಂಗಿಯ ಪಕ್ಕ ಕೂತು, ಬಟ್ಟಲನ್ನು ಮತ್ತೆ ಅವಳ ಕೈಗಿಟ್ಟ.

"ಅಗೆದದ್ದು ನಾನು. ಅದು ನನ್ನ ಪಾಲಿಂದು. ನೀ ಉಣ್ಣು."