ಜಾತಿಯ ಅಡ್ಡಿ ಏನೂ ಇಲ್ಲ, ಹೆಸರೊಂದೇ

ಧಾರವಾಡದವರು ಹೆಬ್ಬಳ್ಳಿಯ ನಮ್ಮ ಮನೆಗೆ ಬಂದು ಕೂತು, ಮೊದಲ ಕಪ್ ಚಹಾ ಮುಗಿಯುವಷ್ಟರಲ್ಲಿ ಜಾತಿಯನ್ನು ರದ್ದು ಮಾಡಿಬಿಟ್ಟರು.

"ನಮಗ ಜಾತಿ ಗೀತಿ ಏನೂ ಇಲ್ಲ ನೋಡ್ರಿ ಗುಡ್ಡಪ್ಪನವರ. ಅದನ್ನೆಲ್ಲಾ ನಾವು ಯಾವಾಗೋ ದಾಟಿ ಬಂದೇವಿ," ಅಂದರು ಬಿಂದುಮಾಧವರಾಯರು. ನಾನು ಮದುವೆಯಾಗಲಿದ್ದ ಆಶಿಷ್‌ನ ತಂದೆ, ನಿವೃತ್ತ ಸಂಸ್ಕೃತ ಪ್ರಾಧ್ಯಾಪಕರು. ನಮ್ಮ ಮನೆಯ ಚಹಾವನ್ನು ಎಲ್ಲರಿಗೂ ಕಾಣುವಂತೆ, ಎರಡೆರಡು ಸಲ ಹೊಗಳಿ ಕುಡಿದರು. ನಮ್ಮಪ್ಪ ಇದೇ ಜಗಳಕ್ಕೆ ವಾರದಿಂದ ಮಾತು ಕೂಡಿಸಿಟ್ಟುಕೊಂಡಿದ್ದ. ಅದನ್ನೆಲ್ಲ ಎಲ್ಲಿ ಇಡಬೇಕೆಂದು ತಿಳಿಯದೆ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಹೆಸರೊಂದು ಮಾತ್ರ ಸ್ವಲ್ಪ ನೋಡಬೇಕಾಗ್ತದ," ಅಂದರು ರಾಯರು.

ನನ್ನ ಹೆಸರು ದ್ರಾಕ್ಷಾಯಿಣಿ. ನಮ್ಮ ಓಣಿಯಲ್ಲೇ ಈ ಹೆಸರಿನವರು ನಾಲ್ಕು ಜನ ಇದ್ದೇವೆ. ಒಬ್ಬರನ್ನು ಕೂಗಿದರೆ ನಾಲ್ಕು ಬಾಗಿಲಿಂದ "ಓ" ಅನ್ನುತ್ತೇವೆ. ಅದರಲ್ಲಿ ದೋಷವಿದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ಅಂದು ರಾಯರು ಹೇಳಿದರು. ದಕ್ಷನ ಮಗಳು ದಾಕ್ಷಾಯಣಿ. ಅದರಲ್ಲಿ ‘ದ್ರಾ’ ಎಲ್ಲಿಂದ ಬಂತು? ಆ ಧಾತು ಯಾವುದು? ಯಾವ ಪುರಾಣದಲ್ಲಿ ಇದೆ?

"ನಮ್ಮವ್ವ ಇಟ್ಟದ್ರಿ," ಅಂದ ಅಪ್ಪ. ಅವನ ಪ್ರಕಾರ ಅಲ್ಲಿಗೆ ಪ್ರಶ್ನೆ ಮುಗಿದಿತ್ತು.

ರಾಯರು ಕ್ಷಮಿಸುವವರ ಹಾಗೆ ನಕ್ಕರು. ತಮ್ಮ ಮನೆಯಲ್ಲಿ ಸೊಸೆ ಬಂದ ದಿನ ಹೊಸ ಹೆಸರಿಡುವ ಪದ್ಧತಿ ಇದೆ, ತಾಟಿನಲ್ಲಿ ಅಕ್ಕಿ ಹರವಿ ಗಂಡ ಉಂಗುರದಿಂದ ಆ ಹೆಸರು ಬರೆಯುತ್ತಾನೆ, ಹಾಗಾಗಿ ಈ ದೋಷ ತಾನೇ ತಾನಾಗಿ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿದರು. ನನ್ನ ಅವ್ವ ರೇಣವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣಿನಲ್ಲೇ ‘ಸುಮ್ಮನಿರು’ ಅಂದಳು. ನಾನು ಸುಮ್ಮನಿದ್ದೆ. ಅದು ನನಗೆ ಬಾರದ ವಿದ್ಯೆ, ಆದರೂ ಇದ್ದೆ.

ಖರೆ ಹೇಳಬೇಕೆಂದರೆ ಈ ಹೆಸರಿನ ಮೇಲೆ ನನಗೇನೂ ಮೊದಲಿನಿಂದ ಪ್ರೀತಿ ಇರಲಿಲ್ಲ. ಸಾಲೆಯಲ್ಲಿ ಹುಡುಗರು ದ್ರಾಕ್ಷಿ ಅನ್ನುತ್ತಿದ್ದರು. ಜ್ವರ ಬಂದು ಸೊರಗಿದ ವರ್ಷ ಒಣದ್ರಾಕ್ಷಿ ಅಂದರು. ಇಂಗ್ಲಿಷಿನಲ್ಲಿ ಅದನ್ನು ಬರೆಯಲು ಎಷ್ಟು ಅಕ್ಷರ ಬೇಕೆಂಬುದರಲ್ಲಿ ಸರಕಾರದ ಎರಡು ಇಲಾಖೆಗಳಿಗೆ ಇನ್ನೂ ಒಮ್ಮತವಾಗಿಲ್ಲ. ಹುಬ್ಬಳ್ಳಿಯ ದೇಶಪಾಂಡೆ ನಗರದ ಬ್ಯಾಂಕಿಗೆ ನಾನು ಅಧಿಕಾರಿಯಾಗಿ ಬಂದಾಗ ಮ್ಯಾನೇಜರ್ ಸಾಹೇಬರು ನನ್ನ ಟೇಬಲ್ಲಿನ ಫಲಕ ನೋಡಿ, "ಇಷ್ಟುದ್ದ ಯಾಕ್ರಿ, ದಕ್ಷಾ ಅಂತ ಮಾಡಿಸಿಬಿಡ್ರಿ, ಸ್ಟೈಲಿಶ್ ಇರ್ತದ," ಎಂದು ಸಲಹೆ ಕೊಟ್ಟರು. ಅವರ ಹೆಸರು ನನ್ನದಕ್ಕಿಂತ ಎರಡು ಅಕ್ಷರ ಉದ್ದ ಇತ್ತು. ಆದರೆ ಗಂಡಸರ ಹೆಸರು ಉದ್ದವಿದ್ದರೆ ಅದು ಗಾಂಭೀರ್ಯ.

ಹೀಗೆ ಮಂದಿ ಜಗ್ಗಾಡಿದಷ್ಟೂ ಹೆಸರು ನನಗೆ ಗಟ್ಟಿಯಾಗಿ ಅಂಟಿಕೊಂಡಿತು. ಆಶಿಷ್ ಲಾಕರ್ ಕೇಳಲು ಬಂದವನು, ಫಲಕ ನೋಡಿ "ದ್ರಾಕ್ಷಾಯಿಣಿಯವರ" ಎಂದು ಪೂರ್ತಿ ಹೆಸರು ಹಿಡಿದು ಕರೆದ. ನಗಲಿಲ್ಲ, ಸಲಹೆಯನ್ನೂ ಕೊಡಲಿಲ್ಲ. ನಾನು ಅಷ್ಟಕ್ಕೇ ಸೋತೆ.

ಅವನು ವಕೀಲ. ಧಾರವಾಡದ ಕೋರ್ಟಿನಲ್ಲಿ ಪರರ ಹೊಲದ ಬದುವಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾನೆ. ಮನೆಯಲ್ಲಿ ಅಪ್ಪನ ಮುಂದೆ ಮಾತ್ರ ಅವನ ನಾಲಿಗೆ ತಾರೀಖು ಕೇಳುತ್ತದೆ.

ನಿಶ್ಚಯವಾದ ಮರುದಿನವೇ ಅವನ ಅಕ್ಕ ಪ್ರಾಚಿ ವಾಟ್ಸಾಪಿನಲ್ಲಿ ‘ನಮ್ಮ ಹೊಸ ಸೊಸಿ’ ಎಂಬ ಗುಂಪು ತೆರೆದಳು. ಪುಣೆಯ ಅತ್ತೆಯಿಂದ ಬೆಳಗಾವಿಯ ಭಾವನವರೆಗೆ ಎಲ್ಲರೂ ಅದರಲ್ಲಿದ್ದರು. ಹೊಸ ಸೊಸೆಯನ್ನು ಮಾತ್ರ ಸೇರಿಸಿರಲಿಲ್ಲ. ಅಲ್ಲಿನ ಚರ್ಚೆಯನ್ನು ನನಗೆ ಆಶಿಷ್ ತೋರಿಸುತ್ತಿದ್ದ, ನಾನು ನಗಲಿ ಎಂದು. ಮೊದಮೊದಲು ನಕ್ಕೆ ಕೂಡ.

ವೈದೇಹಿ ಎಂದು ಒಬ್ಬರು ಸೂಚಿಸಿದರು. ಸೀತೆಯ ಹೆಸರಿಟ್ಟರೆ ವನವಾಸ ತಪ್ಪದು ಎಂದು ಪುಣೆಯವರು ತಳ್ಳಿಹಾಕಿದರು. ಆದ್ಯಾ ಛಲೋ ಇತ್ತು, ಆದರೆ ಪ್ರಾಚಿಯ ಪಕ್ಕದ ಮನೆಯವರು ಆ ಹೆಸರನ್ನು ತಮ್ಮ ನಾಯಿಗೆ ಇಟ್ಟುಬಿಟ್ಟಿದ್ದರು. ಅನನ್ಯಾ ಅಂದರೆ ಬೇರೆ ಯಾರಂತೆಯೂ ಇಲ್ಲದವಳು. ಆ ಬಳಗದಲ್ಲಿ ಆಗಲೇ ಮೂವರು ಅನನ್ಯಾ ಇದ್ದರು. ಕಡೆಗೆ ಆಶಿಷ್‌ಗೆ ಹೊಂದುವಂತೆ ‘ಆಶಿತಾ’ ಗೆದ್ದಿತು. ಅದಕ್ಕೆ ಸಂಸ್ಕೃತದಲ್ಲಿ ಊಟ ಮಾಡಿ ತೃಪ್ತಳಾದವಳು ಎಂಬ ಅರ್ಥ ಬರುತ್ತದೆ ಎಂದು ರಾಯರು ಒಪ್ಪಿಗೆ ಬರೆದರು. ನಮ್ಮಜ್ಜಿಯ ‘ದ್ರಾ’ ತಪ್ಪು, ಆದರೆ ಜೀವಮಾನವಿಡೀ ಹೊಟ್ಟೆ ತುಂಬಿದವಳು ಎಂದು ಕರೆಸಿಕೊಳ್ಳುವುದು ಸರಿ, ಯಾಕೆಂದರೆ ಅದಕ್ಕೆ ಧಾತು ಇದೆ.

ಇಷ್ಟಕ್ಕೆ ಮುಗಿಯಲಿಲ್ಲ. ಪ್ರಾಚಿ ತನ್ನ ಬುಟಿಕ್ಕಿನ ಹೆಸರನ್ನು ತಿದ್ದಿಕೊಟ್ಟ ಸಂಖ್ಯಾಶಾಸ್ತ್ರದವರ ಬಳಿ ಹೋಗಿಬಂದಳು. ಇಂಗ್ಲಿಷಿನಲ್ಲಿ ಬರೆಯುವಾಗ ಮುಂದೆ ಎರಡು ‘ಎ’, ಹಿಂದೆ ಎರಡು ‘ಎ’, ನಡುವೆ ಯಾರಿಗೂ ಕೇಳಿಸದ ಒಂದು ‘ಎಚ್’ ಹೆಚ್ಚಿಗೆ ಹಾಕಿದರೆ ಗುರುಬಲ ಬರುತ್ತದಂತೆ.

"ಒಂದ ಎಚ್ ಹಾಕೋದರಿಂದ ನಮ್ಮದೇನು ಹೋಗ್ತದ?" ಅಂದಳಂತೆ. ನಿಜ, ಅವಳದೇನೂ ಹೋಗುತ್ತಿರಲಿಲ್ಲ.

ನಾನೂ ಆಶಿಷನೂ ರಾಯಾಪುರದಲ್ಲಿ ಭೆಟ್ಟಿಯಾಗುತ್ತಿದ್ದೆವು, ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ. ಅಲ್ಲಿನ ಚಹಾದಂಗಡಿಯಲ್ಲಿ ಒಂದು ಸಂಜೆ ನಾನು ನಗುವುದನ್ನು ಬಿಟ್ಟೆ.

"ಶಾಸ್ತ್ರಕ್ಕಷ್ಟ, ದ್ರಾಕ್ಷಾ," ಅಂದ ಅವನು. "ಬ್ಯಾಂಕಿನ್ಯಾಗ ನಿನ್ನ ಹೆಸರು ಹಂಗ ಇರ್ತದ. ನಾನೂ ದ್ರಾಕ್ಷಾ ಅಂತನ ಕರಿತೇನಿ."

"ಮನ್ಯಾಗ?"

"ಮನ್ಯಾಗ ಅವರು... ರೂಢಿ ಆಗ್ತದ ತಗೋ."

"ಅದಕ್ಕ ಅಂಜಾಕತ್ತೇನಿ ನಾನು," ಅಂದೆ. "ಯಾರರ ಆಶಿತಾ ಅಂತ ಒದರಿದಾಗ ನಾ ಹೊಳ್ಳಿ ನೋಡಿದೆ ಅಂದ್ರ, ಅವತ್ತಿಗೆ ನಾ ಮುಗದಂಗ. ನೀ ಒಂದ ಮಾತು ಹೇಳು ನಿಮ್ಮಪ್ಪಗ. ಆಕಿ ಹೆಸರು ಇದ್ದಂಗ ಇರಲಿ ಅಂತ. ಮತ್ತೇನೂ ಬ್ಯಾಡ ನನಗ."

"ಹೇಳ್ತೇನಿ," ಅಂದ.

"ಖರೇ?"

"ಖರೇ."

ಅದಾದ ಮೇಲೆ ಅವನ ತಾಯಿ ಮಂದಾಕಿನಿ ಅತ್ತೆಯ ಜೊತೆ ಸೀರೆ ತರಲು ಹೋದೆ. ಅವರು ಮಾತು ಕಡಿಮೆ, ಕೆಲಸ ಜಾಸ್ತಿ ಅನ್ನುವ ಹೆಂಗಸು. ಹೆಸರಿನ ವಿಷಯ ನಾನೇ ತೆಗೆದೆ. ಅಂಗಡಿಯವನು ಬಿಚ್ಚಿ ಹಾಕಿದ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು, "ನನ್ನ ಹೆಸರೂ ಬದಲಾಗೇದವಾ. ನನ್ನ ಅತ್ತಿಯವರದೂ ಬದಲಾಗಿತ್ತು. ಯಾರೂ ಸಾಯಲಿಲ್ಲ," ಅಂದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಅವರು ಆರಿಸಿದ ಸೀರೆಗೇ ಹೂಂ ಅಂದುಬಿಟ್ಟೆ. ಈಗಲೂ ಆ ಹಸಿರು ನನಗೆ ಹೊಂದುವುದಿಲ್ಲ.

ಮದುವೆ ಆಯಿತು. ಅಂದೇ ಸಂಜೆ ಧಾರವಾಡದ ಮನೆಯ ಹೊಸ್ತಿಲಲ್ಲಿ ಅಕ್ಕಿಯ ಸೇರನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಹೋದೆ. ಪಡಸಾಲೆಯಲ್ಲಿ ಬೆಳ್ಳಿ ತಾಟು ಸಿದ್ಧವಾಗಿತ್ತು, ಅಕ್ಕಿಯನ್ನು ಸಮನಾಗಿ ಹರವಿದ್ದರು. ಸುತ್ತ ಬಳಗ, ಒಂದು ಮೂಲೆಯಲ್ಲಿ ಹೊಸ ಅಂಗಿ ತೊಟ್ಟು ಬಿಗಿದುಕೊಂಡ ಅಪ್ಪ ಮತ್ತು ಅವ್ವ. ಪುರೋಹಿತರು ಆಶಿಷ್‌ನ ಕೈಗೆ ಬಂಗಾರದ ಉಂಗುರ ಕೊಟ್ಟರು.

ಅವನು ತನ್ನಪ್ಪನ ಮುಖ ನೋಡಿದ. ಹೇಳುತ್ತಾನೆ ಅಂದುಕೊಂಡೆ. ಗಂಟಲು ಸರಿಮಾಡಿಕೊಂಡ. ಈಗ ಹೇಳುತ್ತಾನೆ ಅಂದುಕೊಂಡೆ. ಅವನು ಬಗ್ಗಿ ‘ಆಶಿತಾ’ ಎಂದು ಬರೆದ.

ಅವನ ಅಕ್ಷರ ಬಹಳ ದುಂಡಗೆ. ಅಷ್ಟು ಛಂದ ಬರೆಯದೆ ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಬಳಗದವರು ಚಪ್ಪಾಳೆ ತಟ್ಟಿದರು. ಪ್ರಾಚಿ ಆ ತಾಟಿನ ಫೋಟೋ ತೆಗೆದಳು, ‘ನಮ್ಮ ಹೊಸ ಸೊಸಿ’ಗೆ ಕಳಿಸಲು.

"ಈಗ ಆಶಿತಾ ಒಡಪು ಹೇಳಬೇಕು!" ಅಂದಳು. "ಗಂಡನ ಹೆಸರು ಒಡಪಿನ್ಯಾಗ ಹೇಳದ ಎದ್ದರ ನಡಿಯಂಗಿಲ್ಲ!"

ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳುವುದು ನಮ್ಮ ಕಡೆ ಎಲ್ಲ ಜಾತಿಯಲ್ಲೂ ಇದೆ. ಹೆಂಗಸಿಗೆ ಮದುವೆಮನೆಯಲ್ಲಿ ತನ್ನ ಬಾಯಿಂದ ಏನಾದರೂ ಹೇಳಲು ಬಿಡುವ ಹೊತ್ತು ಅದೊಂದೇ. ನನಗೆ ಅವ್ವ ಒಂದು ಒಡಪು ಬಾಯಿಪಾಠ ಮಾಡಿಸಿದ್ದಳು, ಮಲ್ಲಿಗೆ ದಂಡೆ, ಮುತ್ತೈದೆತನ ಎಲ್ಲ ಬರುವಂಥದ್ದು. ನಾನು ಎದ್ದು ನಿಂತು ಸೆರಗು ಸರಿಮಾಡಿಕೊಂಡು ಬೇರೆಯದೇ ಹೇಳಿದೆ.

"ಬೆಳ್ಳಿ ತಾಟಿನ್ಯಾಗ ಅಕ್ಕಿ ಹರವ್ಯಾರ, ಬಂಗಾರದ ಉಂಗುರ ಹಿಡದಾರ,
ಹೆಬ್ಬಳ್ಳಿ ಹುಡಿಗಿ ಕೈ ಹಿಡಿದ ನಮ್ಮ ಬೀರಲಿಂಗಪ್ಪನವರು ಬಾಜೂಕ ಕುಂತಾರ."

ಚಪ್ಪಾಳೆಗೆ ಎತ್ತಿದ ಕೈಗಳು ಅಲ್ಲೇ ನಿಂತವು.

"ಯಾರು ಬೀರಲಿಂಗಪ್ಪ?" ಅಂದಳು ಪ್ರಾಚಿ.

"ಇವರ," ಎಂದು ಆಶಿಷ್‌ನನ್ನು ತೋರಿಸಿದೆ. "ನಮ್ಮ ಕಡಿಂದ ಇಟ್ಟ ಹೆಸರ್ರಿ. ನಮಗೂ ಜಾತಿ ಗೀತಿ ಏನೂ ಇಲ್ಲ, ಹೆಸರೊಂದ ನೋಡಬೇಕಾತು. ಆಶಿಷ್ ಅಂದ್ರ ನಮ್ಮೂರ ಮುದುಕರಿಗೆ ನಾಲಿಗಿ ಹೊಳ್ಳಂಗಿಲ್ಲ. ಬೀರಲಿಂಗಪ್ಪ ಅಂದ್ರ ದೇವರ ಹೆಸರು, ಊರಾಗ ಹೊಂದತೈತಿ. ಬೇಕಾದ್ರ ಇಂಗ್ಲಿಷಿನ್ಯಾಗ ಎರಡು ‘ಇ’ ಹೆಚ್ಚಿಗೆ ಹಾಕೋಣ ತಗೋರಿ, ಗುರುಬಲ ಬರ್ಲಿ. ಶಾಸ್ತ್ರಕ್ಕಷ್ಟ. ರೂಢಿ ಆಕ್ಕೈತಿ."

ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅತ್ತಳೋ ನಕ್ಕಳೋ ಹೇಳಲಾರೆ. ಅಪ್ಪ ಮಾತ್ರ ಆ ದಿನದಲ್ಲಿ ಮೊದಲ ಸಲ ಸರಿಯಾಗಿ ಕುರ್ಚಿಗೆ ಒರಗಿ ಕೂತ.

ಬಿಂದುಮಾಧವರಾಯರು ಎದ್ದು ನಿಂತರು. "ಏನ ಹುಡುಗಾಟ ಇದು? ಹುಟ್ಟಿದಾಗ ಇಟ್ಟ ಹೆಸರದು! ನಮ್ಮ ತಂದಿಯವರು ಪಂಚಾಂಗ ತಗದು ನೋಡಿ ಇಟ್ಟದ್ದು! ಆ ಹೆಸರಿನ್ಯಾಗ ಅಂವ ಬೆಳದಾನ, ಓದ್ಯಾನ, ವಕೀಲ ಆಗ್ಯಾನ. ಮದವಿ ಆದ ಮಾತ್ರಕ್ಕ ಒಬ್ಬ ಮನಶ್ಯಾನ ಹೆಸರನ್ನ ಬದಲಿ ಮಾಡ್ಲಿಕ್ಕೆ ಬರ್ತದೇನು?"

ಹೇಳಿದ ಮಾತು ಅವರ ಕಿವಿಗೂ ಬಿದ್ದಿರಬೇಕು. ನಿಂತವರು ಕೂರಲೂ ಇಲ್ಲ, ಮುಂದುವರಿಯಲೂ ಇಲ್ಲ.

"ಬರಂಗಿಲ್ಲರಿ ಮಾಂವಾರ," ಅಂದೆ. "ನಾನೂ ಅದನ್ನ ಹೇಳಾಕತ್ತೇನಿ."

ಬಂದ ದಿನವೇ ಗಂಡನ ಮನೆಯನ್ನು ಕಳೆದುಕೊಂಡೆ ಎಂದು ಖಾತ್ರಿಯಾಗಿ, ಅಳಬಾರದೆಂದು ತಾಟನ್ನೇ ನೋಡುತ್ತ ನಿಂತೆ. ಆಗ ಹಸಿರು ಬಳೆಯ ಒಂದು ಕೈ ತಾಟಿನೊಳಗೆ ಬಂತು. ಮಂದಾಕಿನಿ ಅತ್ತೆ ಅಂಗೈಯಿಂದ ಅಕ್ಕಿಯನ್ನು ಒಮ್ಮೆ ಸವರಿದರು. ಆಶಿತಾ ಹೋದಳು.

"ಬರಿ," ಅಂದರು ಮಗನಿಗೆ. "ಆಕಿ ಹೆಸರು ಬರಿ."

ಆಶಿಷ್ ತಾಯಿಯನ್ನು ನೋಡಿದ, ನನ್ನನ್ನು ನೋಡಿದ. ಅವನ ಕಿವಿ ಕೆಂಪಾಗಿದ್ದವು. ತನ್ನಪ್ಪನ ಕಡೆ ತಿರುಗಿ, "ಆಕಿ ಹೆಸರು ಇದ್ದಂಗ ಇರಲಿ," ಅಂದ. ದನಿ ಬಹಳ ಸಣ್ಣದಿತ್ತು, ಕೋರ್ಟಿನಲ್ಲಾದರೆ ಜಡ್ಜ್ ಸಾಹೇಬರು ಇನ್ನೊಮ್ಮೆ ಹೇಳ್ರಿ ಅನ್ನುತ್ತಿದ್ದರು. ತಡವಾಗಿಯಾದರೂ ಹೇಳಿದ, ನಾನು ಕೇಳಿದೆ. ಬಗ್ಗಿ ಬರೆಯತೊಡಗಿದ.

"ಬರಿಯೋದಾದ್ರ ಶುದ್ಧ ಬರಿ. ದಾಕ್ಷಾಯಣಿ," ಅಂದರು ರಾಯರು ಅಭ್ಯಾಸಬಲದಿಂದ. ಮಗ ತಲೆ ಎತ್ತಲಿಲ್ಲ. ಅಜ್ಜಿ ಇಟ್ಟ ಹಾಗೆಯೇ, ಒಂದಕ್ಷರ ಬಿಡದೆ ಬರೆದು ಮುಗಿಸಿದ. ಉದ್ದ ಹೆಸರು, ತಾಟಿನ ಆ ದಂಡೆಯಿಂದ ಈ ದಂಡೆಯವರೆಗೆ ಹಿಡಿಯಿತು.

ಅತ್ತೆ ಅವನ ಕೈಯಿಂದ ಉಂಗುರ ತೆಗೆದುಕೊಂಡರು. ಶಾಸ್ತ್ರ ಮುಗಿಯಿತೆಂದು ಪುರೋಹಿತರು ಅಕ್ಷತೆಗೆ ಕೈ ಹಾಕಿದ್ದರು. ಅತ್ತೆ ನಿಲ್ಲಿ ಎಂದು ಸನ್ನೆ ಮಾಡಿ, ನನ್ನ ಹೆಸರಿನ ಕೆಳಗೆ ಉಳಿದಿದ್ದ ಸ್ವಲ್ಪ ಜಾಗದಲ್ಲಿ, ಬರೆಯುವುದು ಮರೆತವರ ಹಾಗೆ ನಿಧಾನವಾಗಿ, ಮೂರು ಅಕ್ಷರ ಬರೆದರು. ನಡುವೆ ಒಮ್ಮೆ ತಡೆದು, ನೆನಪು ಮಾಡಿಕೊಂಡು, ದೀರ್ಘ ಎಳೆದರು. ಆಮೇಲೆ ನನ್ನ ಪಕ್ಕ ಬಂದು ನಿಂತು ನನ್ನ ಕೈ ಹಿಡಿದುಕೊಂಡರು.

ರಾಯರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ತಾಟಿನ ಮೇಲೆ ಬಗ್ಗಿದರು. ತಪ್ಪು ಹುಡುಕುವ ಕಣ್ಣಿನಿಂದ ಒಂದೊಂದೇ ಅಕ್ಷರ ಓದಿದರು.

"ಅಂಬುಜಾ," ಅಂದರು. "ಹೆಸರು ಶುದ್ಧ ಅದ. ಯಾರದಿದು?"